ಮುಪ್ಪಿನ ಕೆಮ್ಮು ಮತ್ತು ತುಮಕೂರಿನ ಎಕ್ಸ್‌ರೇ ಗಾಡಿ

ಹಳೇ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಹುಟ್ಟು ಸಾವು ಬರೆದಿಡುವ ಹೊಣೆ ಪಟೇಲರದಾಗಿತ್ತು. ಇಂಥವರ ಮನೆಯಲ್ಲಿ ಹೀಗಾಯಿತು ಎಂದು ತಳವಾರ ಬಂದು ಹೇಳಿದರೆ, ಪುಸ್ತಕ ತೆಗೆದು ಹೆಸರು, ವಯಸ್ಸು, ಕಾರಣ ಬರೆಯಬೇಕು. ಆ ಕಾಲದ ಸರ್ಕಾರಿ ಲೆಕ್ಕದಲ್ಲಿ ಸಾವಿನ ಕಾರಣಗಳು ಬೆರಳೆಣಿಕೆಯಷ್ಟೇ: ಕಾಲರಾ, ಸಿಡುಬು, ಪ್ಲೇಗು, ಜ್ವರ, ಆಮಶಂಕೆ ಭೇದಿ, ಉಸಿರಿನ ಕಾಯಿಲೆ, ಪೆಟ್ಟು ಗಾಯ, ಇತರೆ. ಕಾಲರಾ, ಪ್ಲೇಗು ಎಂದು ಬರೆದರೆ ಮೇಲಿನಿಂದ ಕೂಡಲೇ ವಿಚಾರಣೆ ಬರುತ್ತಿತ್ತು, ಇನಾಕ್ಯುಲೇಷನ್ ಮಾಡುವವರು ಬರುತ್ತಿದ್ದರು, ಊರು ಖಾಲಿ ಮಾಡಿಸುತ್ತಿದ್ದರು. ಅರವತ್ತು ದಾಟಿದ ಮುದುಕರು ವರ್ಷಗಟ್ಟಲೆ ಕೆಮ್ಮಿ, ಸವೆದು, ಒಂದು ಚಳಿಗಾಲ ಕಳೆಯಲಾಗದೆ ಹೋದರೆ ಯಾವ ಅಮಲ್ದಾರರೂ ಬರುತ್ತಿರಲಿಲ್ಲ. ಮನೆಯವರೂ ಕೇಳುತ್ತಿರಲಿಲ್ಲ. ವಯಸ್ಸಾಗಿತ್ತು, ಹೋದರು.

ಸ್ವಾತಂತ್ರ್ಯ ಬಂದ ಮೇಲೂ ಇದು ಬೇಗ ಬದಲಾಗಲಿಲ್ಲ. 1965ರಲ್ಲಿ ರಿಜಿಸ್ಟ್ರಾರ್ ಜನರಲ್ ಕಚೇರಿಯವರು ಆಯ್ದ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಊರುಗಳಲ್ಲಿ ಸಾವಿನ ಕಾರಣವನ್ನು ಮನೆಮನೆಗೆ ಹೋಗಿ ವಿಚಾರಿಸುವ ಯೋಜನೆ ಶುರುಮಾಡಿದರು. ವೈದ್ಯರು ನೋಡದೆ ಸತ್ತವರ ಬಗ್ಗೆ ಆರೋಗ್ಯ ಸಿಬ್ಬಂದಿ ಮನೆಯವರಿಂದ ಲಕ್ಷಣ ಕೇಳಿ ತಿಳಿದು ಬರೆಯುವ ಕ್ರಮ ಅದು. ಒಳ್ಳೆಯ ಕೆಲಸ. ಆದರೂ ಅದರ ವರದಿಗಳಲ್ಲಿ ವರ್ಷ ವರ್ಷವೂ ಮುಂದೆ ನಿಂತ ಕಾರಣ ಮುಪ್ಪು. ನನಗೆ ಮುಪ್ಪನ್ನು ಒಂದು ಕಾಯಿಲೆ ಎಂದು ಒಪ್ಪಿಕೊಳ್ಳಲು ಎಂದೂ ಆಗಿಲ್ಲ. ಆ ಕಾಲಂನೊಳಗೆ ಎಷ್ಟು ಲಕ್ವ, ಎಷ್ಟು ಎದೆನೋವು, ಎಷ್ಟು ಕ್ಯಾನ್ಸರ್, ಎಷ್ಟು ಕ್ಷಯ ಸೇರಿಹೋಗಿವೆ ಎನ್ನುವುದೇ ನನ್ನನ್ನು ಇಷ್ಟು ಕಾಲ ಕಾಡಿದ ಪ್ರಶ್ನೆ.

ನಾನು ತುಮಕೂರು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿ ದುಡಿದು ನಿವೃತ್ತಳಾದವಳು. ರಕ್ತ, ಮೂತ್ರ, ಮಲೇರಿಯಾ ಸ್ಲೈಡು ಎಲ್ಲ ನೋಡಿದ್ದೇನೆ. ಆದರೆ ನನ್ನ ಕಣ್ಣು ಸವೆದದ್ದು ಕಫದ ಮೇಲೆ. ಗಾಜಿನ ಮೇಲೆ ಕಫವನ್ನು ತೆಳ್ಳಗೆ ಸವರಿ ಒಣಗಿಸಬೇಕು. ಕಾರ್ಬಾಲ್ ಫುಕ್ಸಿನ್ ಹುಯ್ದು ಕೆಳಗಿನಿಂದ ಸ್ಪಿರಿಟ್ ದೀಪ ಹಿಡಿಯಬೇಕು. ಆವಿ ಏಳಬೇಕು, ಕುದಿಯಬಾರದು. ಆಮೇಲೆ ಆಸಿಡ್ಡಿನಲ್ಲಿ ತೊಳೆದು ಮೆಥಿಲೀನ್ ಬ್ಲೂ ಹಾಕಬೇಕು. ಬೇರೆಲ್ಲ ಬಣ್ಣ ಬಿಟ್ಟು ನೀಲಿಯಾದರೂ ಕ್ಷಯದ ಕ್ರಿಮಿ ಮಾತ್ರ ಆಸಿಡ್ಡಿಗೆ ಬಗ್ಗದೆ ಕೆಂಪಾಗಿಯೇ ಉಳಿಯುತ್ತದೆ. ನೂರು ಫೀಲ್ಡು ನೋಡದೆ ನೆಗೆಟಿವ್ ಎಂದು ಬರೆಯುವಂತಿಲ್ಲ. ಜರ್ಮನಿಯ ರಾಬರ್ಟ್ ಕಾಖ್ ಈ ಕ್ರಿಮಿಯನ್ನು ಜಗತ್ತಿಗೆ ತೋರಿಸಿದ್ದು 1882ರ ಮಾರ್ಚ್ 24ರಂದು. ನೂರು ವರ್ಷ ಕಳೆದ ಮೇಲೂ ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಹೆಚ್ಚುಕಡಿಮೆ ಅದೇ ವಿದ್ಯೆಯಿಂದ ಅದನ್ನು ಹುಡುಕುತ್ತಿದ್ದೆವು. ಪಾಸಿಟಿವ್ ಬಂದ ಸ್ಲೈಡುಗಳ ಹಿಂದೆ ಎಷ್ಟೊಂದು ಸಲ ಇರುತ್ತಿದ್ದವರು ಐವತ್ತು, ಅರವತ್ತು ದಾಟಿದ ಗಂಡಸರು.

ಈ ಕಾಯಿಲೆಯ ಲೆಕ್ಕ ಕಟ್ಟುವ ಕೆಲಸದಲ್ಲಿ ನಮ್ಮ ಜಿಲ್ಲೆಗೆ ದೇಶದ ಚರಿತ್ರೆಯಲ್ಲೇ ಒಂದು ಜಾಗವಿದೆ. ಅದು ನಮ್ಮವರಿಗೇ ಗೊತ್ತಿಲ್ಲ ಎಂಬ ಸಂಕಟದಿಂದ ಇದನ್ನು ಬರೆಯುತ್ತಿದ್ದೇನೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕ್ಷಯವೆಂದರೆ ಸ್ಯಾನಟೋರಿಯಂ. ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಅವರ ಹೆಸರಿನದು, ಆಂಧ್ರದ ಗಡಿಯಲ್ಲಿ ಮದನಪಲ್ಲಿಯದು. ಒಳ್ಳೆಯ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ಹಾಸಿಗೆ. ಹೊಲ ಬಿಟ್ಟು ಬರಲಾಗದ ರೈತನಿಗೆ ಅದು ದೂರದ ಮಾತು. ಜೊತೆಗೆ, ಇದು ಪೇಟೆಯ ಕಾಯಿಲೆ, ಮಿಲ್ಲುಗಳ ವಠಾರಗಳ ಕಾಯಿಲೆ, ಹಳ್ಳಿಯ ಬಯಲಲ್ಲಿ ಅಷ್ಟಿಲ್ಲ ಎಂದು ದೊಡ್ಡ ವೈದ್ಯರೂ ನಂಬಿದ್ದರು. 1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಹಲವು ಕಡೆ ಎಕ್ಸ್‌ರೇ ಗಾಡಿ ಕಳಿಸಿ ಸಮೀಕ್ಷೆ ಮಾಡಿದಾಗ ಆ ನಂಬಿಕೆ ಉಳಿಯಲಿಲ್ಲ. ಹಳ್ಳಿಯಲ್ಲೂ ಪೇಟೆಯಲ್ಲೂ ಕ್ಷಯ ಹೆಚ್ಚುಕಡಿಮೆ ಸಮನಾಗಿತ್ತು. ವಯಸ್ಸು ಏರಿದಂತೆ ಪ್ರಮಾಣವೂ ಏರುತ್ತಿತ್ತು, ಗಂಡಸರಲ್ಲಿ ಇನ್ನೂ ಕಡಿದಾಗಿ. ಹರೆಯದವರನ್ನು ಬಲಿ ತೆಗೆದುಕೊಳ್ಳುವ ಕಾಯಿಲೆ ಎಂದು ಕಥೆ ಕಾದಂಬರಿಗಳಲ್ಲಿ ಓದಿದ್ದ ಕ್ಷಯ ನಮ್ಮ ಹಳ್ಳಿಗಳಲ್ಲಿ ಜಗುಲಿಯ ಮೇಲೆ ಕಂಬಳಿ ಹೊದ್ದು ಕೂತ ಅಜ್ಜಂದಿರ ಎದೆಯಲ್ಲೂ ಇತ್ತು.

ಅದಕ್ಕೆ ಕಾರಣವೂ ಇದೆ. ಚಿಕ್ಕಂದಿನಲ್ಲಿ ಉಸಿರಿನೊಂದಿಗೆ ಒಳಹೊಕ್ಕ ಕ್ರಿಮಿಯನ್ನು ಮೈಯ ಶಕ್ತಿ ಕಟ್ಟಿಹಾಕಿ ಕೂರಿಸಿರುತ್ತದೆ. ಅದು ಸಾಯುವುದಿಲ್ಲ. ವಯಸ್ಸಾಗಿ ಶಕ್ತಿ ಕುಂದಿದಾಗ, ಊಟ ಕಡಿಮೆಯಾದಾಗ, ಸಕ್ಕರೆ ಕಾಯಿಲೆ ಬಂದಾಗ, ಬೀಡಿ ಸೇದಿ ಸೇದಿ ಶ್ವಾಸಕೋಶ ಹದಗೆಟ್ಟಾಗ ಕಟ್ಟು ಸಡಿಲವಾಗುತ್ತದೆ. ಎಪ್ಪತ್ತರ ಮುದುಕನ ಕಫದಲ್ಲಿ ಕಂಡ ಕ್ರಿಮಿ ಅವನು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ಕಾಲದ್ದಿರಬಹುದು. ಮುದುಕರಲ್ಲಿ ಅದು ಜೋರು ಜ್ವರ, ರಕ್ತವಾಂತಿ ಎಂದು ಆರ್ಭಟ ಮಾಡದೆ ಬರುವುದೂ ಉಂಟು. ಊಟ ಸೇರುವುದಿಲ್ಲ, ಮೈ ಇಳಿಯುತ್ತದೆ, ಕೆಮ್ಮು ಮೊದಲೇ ಇತ್ತು. ಮನೆಯವರು ಗೂರಲು ಎನ್ನುತ್ತಾರೆ, ದಮ್ಮು ಎನ್ನುತ್ತಾರೆ, ವಯಸ್ಸು ಎನ್ನುತ್ತಾರೆ.

1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯ ಅವಲಾನ್ ಎಂಬ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಹುಟ್ಟಿತು. 1960ರ ಸೆಪ್ಟೆಂಬರಿನಲ್ಲಿ ನೆಹರು ಬಂದು ಉದ್ಘಾಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಡೆನ್ಮಾರ್ಕಿನ ಹಾಫ್‌ಡಾನ್ ಮಾಹ್ಲರ್ ಇದರ ಕಟ್ಟೋಣದಲ್ಲಿ ಕೈಯಿಟ್ಟಿದ್ದರು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಗೇ ಮಹಾನಿರ್ದೇಶಕರಾದವರು ಅವರೇ. ಅಷ್ಟರಲ್ಲಿ ಮದರಾಸಿನಲ್ಲಿ ಒಂದು ದೊಡ್ಡ ಸಂಗತಿ ನಡೆದಿತ್ತು. ಅಲ್ಲಿನ ಕ್ಷಯ ಚಿಕಿತ್ಸಾ ಸಂಶೋಧನಾ ಕೇಂದ್ರದವರು ಮಾತ್ರೆ ನುಂಗಿ ಮನೆಯಲ್ಲೇ ಇದ್ದ ಬಡ ರೋಗಿಗಳು ಸ್ಯಾನಟೋರಿಯಂ ಹಾಸಿಗೆಯಲ್ಲಿದ್ದವರಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು 1959ರಲ್ಲಿ ತೋರಿಸಿಕೊಟ್ಟಿದ್ದರು. ಔಷಧಿ ಇದೆ, ಮನೆಯಲ್ಲೇ ಕೊಡಬಹುದು. ಉಳಿದ ಪ್ರಶ್ನೆ ಒಂದೇ: ಲಕ್ಷಾಂತರ ಹಳ್ಳಿಗಳಲ್ಲಿ ರೋಗಿಗಳನ್ನು ಹುಡುಕುವುದು ಹೇಗೆ?

ಪಾಶ್ಚಾತ್ಯ ದೇಶಗಳ ಉತ್ತರ ಎಕ್ಸ್‌ರೇ ಗಾಡಿ. ಬ್ರೆಜಿಲಿನ ಮನುಯೆಲ್ ದಿ ಅಬ್ರೇಯು 1930ರ ದಶಕದಲ್ಲಿ ಕಂಡುಹಿಡಿದ ಪುಟ್ಟ ಫಿಲ್ಮಿನ ಎದೆಚಿತ್ರದಿಂದ ಅಲ್ಲಿ ಇಡೀ ಊರುಗಳನ್ನೇ ಸಾಲು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಅದನ್ನು ನಮ್ಮಲ್ಲಿ ಪರೀಕ್ಷಿಸಿ ನೋಡಲು ಕ್ಷಯ ಸಂಸ್ಥೆ ಆರಿಸಿಕೊಂಡ ಜಿಲ್ಲೆ ತುಮಕೂರು. 1960–61ರಲ್ಲಿ ಆಯ್ದ ಹಳ್ಳಿಗಳಿಗೆ, ಪೇಟೆಯ ಕೆಲವು ಬೀದಿಗಳಿಗೆ ಗಾಡಿ ಬಂತು. ಮೊದಲು ಮನೆಮನೆಗೆ ಹೋಗಿ ಪ್ರತಿಯೊಬ್ಬರ ಹೆಸರು ಬರೆದುಕೊಂಡರು. ಆಮೇಲೆ ಸೋಂಕು ತಗುಲಿದೆಯೇ ಎಂದು ತಿಳಿಯಲು ತೋಳಿಗೆ ಟ್ಯೂಬರ್‌ಕ್ಯುಲಿನ್ ಚುಚ್ಚಿದರು, ದೊಡ್ಡವರ ಎದೆಯ ಫೋಟೋ ಹಿಡಿದರು, ನೆರಳು ಕಂಡವರ ಕಫ ತೆಗೆದುಕೊಂಡರು.

ನಮ್ಮಮ್ಮ ಆಗ ಮಿಡ್ಲ್‌ಸ್ಕೂಲಿನ ಹುಡುಗಿ. ಜನರೇಟರಿನ ಸದ್ದಿಗೆ ಎತ್ತುಗಳು ಬೆದರಿದ್ದು, ಗಾಡಿಯೊಳಗೆ ಹೋದರೆ ರಕ್ತ ಹೀರುತ್ತಾರಂತೆ ಎಂದು ಹೆದರಿ ಕೆಲವರು ತೋಟಕ್ಕೆ ಓಡಿಹೋದದ್ದು, ತಾಳಿ ಬಿಚ್ಚುವುದಿಲ್ಲ ಎಂದು ಹಟ ಹಿಡಿದ ಹೆಂಗಸರು ತಾಳಿಸರವನ್ನು ಬಾಯಲ್ಲಿ ಕಚ್ಚಿಕೊಂಡು ನಿಂತದ್ದು, ಇವೆಲ್ಲ ಅಮ್ಮನ ಬಾಯಿಂದ ನಾನು ಕೇಳಿದ್ದು. ಮುದುಕರನ್ನು ಮಾತ್ರ ಒಪ್ಪಿಸಬೇಕಾಗಿರಲಿಲ್ಲವಂತೆ. ಕೋಲೂರಿಕೊಂಡು ಅವರೇ ಮೊದಲು ಬಂದು ಕೂತಿದ್ದರಂತೆ. ಆ ಮಾತನ್ನು ಅಮ್ಮ ಮಾಮೂಲಿ ಸಂಗತಿ ಎಂಬಂತೆ ಹೇಳುತ್ತಿದ್ದಳು. ಅದರ ಅರ್ಥ ನನಗೆ ತಿಳಿದದ್ದು ಕೆಲಸಕ್ಕೆ ಸೇರಿ, ತರಬೇತಿಗೆ ಅದೇ ಅವಲಾನ್ ಬಂಗಲೆಗೆ ಹೋಗಿ, ಆ ಸಮೀಕ್ಷೆಯ ಬೆನ್ನಿಗೇ ನಡೆದ ಇನ್ನೊಂದು ಅಧ್ಯಯನದ ಬಗ್ಗೆ ಕೇಳಿದಾಗ.

ಆ ಇನ್ನೊಂದು ಅಧ್ಯಯನ ಮಾಡಿದವರು ದೇಬಬರ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್. ಎಕ್ಸ್‌ರೇಯಲ್ಲಿ ನೆರಳು ಕಂಡವರ ಮನೆಗಳಿಗೆ ತಂಡ ಹೋಯಿತು. ಜೊತೆಗೆ ಹೋಲಿಸಿ ನೋಡಲು ನೆರಳು ಕಾಣದ ಅದೇ ವಯಸ್ಸಿನವರ ಮನೆಗಳಿಗೂ. ಪ್ರಶ್ನೆಗಳು ಸರಳ. ನಿಮಗೆ ಏನಾದರೂ ತೊಂದರೆ ಇದೆಯೆ? ಅದರ ಬಗ್ಗೆ ಚಿಂತೆಯಿದೆಯೆ? ಏನು ಮಾಡಿದಿರಿ? ಎಲ್ಲರ ನಿರೀಕ್ಷೆ ಏನಿತ್ತೆಂದರೆ, ಹಳ್ಳಿಯ ಜನಕ್ಕೆ ತಿಳಿವಳಿಕೆಯಿಲ್ಲ, ಕಾಯಿಲೆ ಇದೆಯೆಂದೇ ಗೊತ್ತಿರುವುದಿಲ್ಲ, ನಾವೇ ಹೋಗಿ ಹುಡುಕಬೇಕು. 1963ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯೇ ಇತ್ತು. ಕಫದಲ್ಲಿ ಕ್ರಿಮಿ ಇದ್ದವರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ತಮಗೆ ಕೆಮ್ಮೋ ಜ್ವರವೋ ಎದೆನೋವೋ ಇರುವುದು ಗೊತ್ತಿತ್ತು. ಬಹುಪಾಲು ಜನ ಅದರ ಬಗ್ಗೆ ಚಿಂತೆಪಡುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿಬಂದಿದ್ದರು. ಅಲ್ಲಿ ಯಾರೂ ಅವರ ಕಫ ನೋಡಿರಲಿಲ್ಲ. ಕೆಮ್ಮಿನ ಔಷಧಿಯ ಸೀಸೆ ಕೊಟ್ಟು ಕಳಿಸಿದ್ದರು.

ಆ ಸೀಸೆಯನ್ನು ನಾನು ಕಂಡಿದ್ದೇನೆ. ಸೀಸೆ ರೋಗಿಯೇ ಮನೆಯಿಂದ ತರಬೇಕು. ಕಾಂಪೌಂಡರ್ ದೊಡ್ಡ ಜಾಡಿಯಿಂದ ಕಂದು ಬಣ್ಣದ ಮಿಕ್ಸ್ಚರ್ ಹುಯ್ದು, ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಪಕ್ಕಕ್ಕೆ ಅಂಟಿಸುತ್ತಿದ್ದ, ಹೊತ್ತಿಗೆ ಒಂದು ಹಲ್ಲಿನಷ್ಟು ಕುಡಿಯಬೇಕು. ನಾನು ಕೆಲಸಕ್ಕೆ ಸೇರಿದ ಕಾಲಕ್ಕೂ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಈ ಪದ್ಧತಿ ಉಳಿದಿತ್ತು. ಕೆಮ್ಮುತ್ತಾ ಬಂದ ಒಬ್ಬ ಮುದುಕಪ್ಪನಿಗೆ, ಕಫ ಪರೀಕ್ಷೆ ಮಾಡಿಸಿದ್ದೀರಾ ಯಜಮಾನ್ರೇ ಎಂದು ಕೇಳಿದೆ. "ಯಾರವ್ವ ಕೇಳಿದ್ರು? ಎರಡು ಸುಗ್ಗಿಯಿಂದ ಬತ್ತಾವ್ನಿ. ಬಂದಾಗೆಲ್ಲ ಇದನ್ನೇ ತುಂಬ್ಕೊಟ್ರು" ಎಂದು ಟವೆಲ್ಲಿನಲ್ಲಿ ಸುತ್ತಿದ್ದ ಸೀಸೆ ತೆಗೆದು ತೋರಿಸಿದ. ಅವನ ಸ್ಲೈಡಿನಲ್ಲಿ ಎಣಿಸಲು ಕಷ್ಟವಾಗುವಷ್ಟು ಕ್ರಿಮಿ ಇತ್ತು. ಅವನು ಆ ಎರಡು ಸುಗ್ಗಿಯ ಕಾಲ ಮೊಮ್ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದ. ಮುದುಕರ ಕ್ಷಯ ಮುದುಕರೊಂದಿಗೆ ಮುಗಿಯುವುದಿಲ್ಲ.

ತುಮಕೂರಿನ ಮುದುಕರು ಗಾಡಿಯ ಮುಂದೆ ಮೊದಲು ಬಂದು ಕೂತದ್ದು ಅದಕ್ಕೇ. ಅವರು ಆಗಲೇ ಆಸ್ಪತ್ರೆಯ ಬಾಗಿಲು ತಟ್ಟಿ ಬಂದವರು.

ಈ ಒಂದು ಅಧ್ಯಯನ ದೇಶದ ಕ್ಷಯ ಕಾರ್ಯಕ್ರಮದ ದಿಕ್ಕನ್ನೇ ಬದಲಾಯಿಸಿತು. ಊರೂರಿಗೆ ದುಬಾರಿ ಗಾಡಿ ಕಳಿಸುವುದಕ್ಕಿಂತ, ಕೆಮ್ಮಿಕೊಂಡು ತಾವಾಗಿ ಆಸ್ಪತ್ರೆಗೆ ಬರುವವರ ಕಫವನ್ನು ಅಲ್ಲೇ ನೋಡಿದರೆ ಅರ್ಧಕ್ಕಿಂತ ಹೆಚ್ಚು ರೋಗಿಗಳು ಸಿಗುತ್ತಾರೆ. ಅದಕ್ಕೆ ಬೇಕಾದದ್ದು ಒಂದು ಮೈಕ್ರೊಸ್ಕೋಪು, ಎರಡು ಮೂರು ಬಣ್ಣ, ಕಲಿತ ಒಬ್ಬ ಕೆಲಸಗಾರ. 1962ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಹೀಗೇ ರೂಪುಗೊಂಡಿತು: ಜಿಲ್ಲೆಗೊಂದು ಕ್ಷಯ ಕೇಂದ್ರ, ಅದರ ಕೆಳಗೆ ಸಾಮಾನ್ಯ ಆಸ್ಪತ್ರೆಗಳಲ್ಲೇ ಕಫ ಪರೀಕ್ಷೆ, ಅಲ್ಲೇ ಮಾತ್ರೆ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿಯೂ ಸಾಮೂಹಿಕ ಎಕ್ಸ್‌ರೇ ಗಾಡಿಗಳನ್ನು ನಿಲ್ಲಿಸಬೇಕು ಎಂದಿತು. ನನ್ನಂಥವಳ ಹುದ್ದೆ ಹುಟ್ಟಿದ್ದೇ ಈ ಯೋಚನೆಯಿಂದ. ತುಮಕೂರಿನ ಹೆಸರು ಹೇಳಲು ಸಿಕ್ಕದ ಆ ರೈತರು, ಕೂಲಿಗಳು, ಮುದುಕಿಯರು ಕೊಟ್ಟ ಉತ್ತರಗಳಿಗೆ ನಾನು ಋಣಿ.

ಅದೇ ಕಾಲದಲ್ಲಿ ಇನ್ನೊಂದು ಸಮೀಕ್ಷೆ ನಡೆಯುತ್ತಿತ್ತು. ಅದನ್ನು ನೆನೆದರೆ ಈಗಲೂ ಎದೆ ಭಾರವಾಗುತ್ತದೆ. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ ಮೂರು ತಾಲ್ಲೂಕುಗಳ 119 ಹಳ್ಳಿಗಳನ್ನು ಕ್ಷಯ ಸಂಸ್ಥೆಯವರು ನಾಲ್ಕು ಸುತ್ತು ಪರೀಕ್ಷಿಸಿದರು. ಸಂಘಟಿತ ಚಿಕಿತ್ಸೆಯ ಏರ್ಪಾಡು ಆ ಊರುಗಳಿಗೆ ಇನ್ನೂ ಬಂದಿರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ಕ್ರಿಮಿ ಕಂಡಿದ್ದವರು ಐದು ವರ್ಷದ ನಂತರ ಏನಾಗಿದ್ದರು ಎಂದು ನೋಡಿದರೆ, ಹೆಚ್ಚುಕಡಿಮೆ ಅರ್ಧ ಜನ ಸತ್ತಿದ್ದರು. ಮೂರರಲ್ಲಿ ಒಂದು ಪಾಲು ತಾವಾಗಿ ವಾಸಿಯಾಗಿದ್ದರು. ಉಳಿದವರು ಇನ್ನೂ ಕ್ರಿಮಿ ಉಗುಳುತ್ತ ಓಡಾಡುತ್ತಿದ್ದರು. ಕ್ಷಯವನ್ನು ಅದರ ಪಾಡಿಗೆ ಬಿಟ್ಟರೆ ಏನಾಗುತ್ತದೆ ಎಂದು ತಿಳಿಯಲು ಜಗತ್ತಿನ ಪಠ್ಯಪುಸ್ತಕಗಳು ಇವತ್ತಿಗೂ ನೆನೆಯುವ ಅಂಕಿ ಇದು. ಸತ್ತವರ ಮನೆಗಳಲ್ಲಿ ಅದು ಅಂಕಿಯಲ್ಲ. ಅವರಲ್ಲಿ ವಯಸ್ಸಾದವರ ಹೆಸರಿನ ಮುಂದೆ ಊರಿನ ಪುಸ್ತಕದಲ್ಲಿ ಏನು ಬರೆದಿದ್ದರೋ ನಾನು ಊಹಿಸಬಲ್ಲೆ. ಎಕ್ಸ್‌ರೇ ಫಿಲ್ಮು ಇತ್ತು, ಕಲ್ಚರ್ ಬಾಟಲಿ ಇತ್ತು, ಹಾಗಾಗಿ ಇವರ ಸಾವಿನ ಕಾರಣವನ್ನು ಗುರುತಿಸಬಹುದಿತ್ತು. ಪಕ್ಕದ ಊರಿನವರಿಗೆ ಅದೂ ಇರಲಿಲ್ಲ.

ನಂತರದ ಮೂರು ದಶಕಗಳ ಬಗ್ಗೆ ಹೆಚ್ಚು ಹೇಳಲಾರೆ. ಯೋಚನೆ ದೊಡ್ಡದಿತ್ತು, ದುಡ್ಡು ಕಡಿಮೆಯಿತ್ತು. ಒಂದು ತಿಂಗಳು ಮಾತ್ರೆ ಇದ್ದರೆ ಇನ್ನೊಂದು ತಿಂಗಳು ಇಲ್ಲ, ಒಂದೂವರೆ ವರ್ಷ ನುಂಗಬೇಕಾದ ಚಿಕಿತ್ಸೆಯನ್ನು ಮೈ ಸ್ವಲ್ಪ ಹಗುರವಾದ ಕೂಡಲೇ ಬಿಟ್ಟವರು ಬಹಳ. ಮುದುಕರಿಗೆ ಸ್ಟ್ರೆಪ್ಟೊಮೈಸಿನ್ ಇಂಜೆಕ್ಷನ್ನಿನಿಂದ ತಲೆ ಸುತ್ತು, ಕಿವಿ ಮಂದ. ಐವತ್ತು ದಾಟಿದವರಿಗೆ ಡೋಸು ಇಳಿಸಬೇಕೆಂಬುದನ್ನು ಮರೆತರೆ ಅವರು ಮತ್ತೆ ಈ ಕಡೆ ತಲೆ ಹಾಕುತ್ತಿರಲಿಲ್ಲ. 1997ರಿಂದ, ಕಣ್ಣೆದುರೇ ಮಾತ್ರೆ ನುಂಗಿಸುವ ಡಾಟ್ಸ್ ಪದ್ಧತಿ ಬಂದ ಮೇಲೆ ಆರೆಂಟು ತಿಂಗಳ ಔಷಧಿಯ ಪೆಟ್ಟಿಗೆ ರೋಗಿಯ ಹೆಸರಿನಲ್ಲೇ ಆಸ್ಪತ್ರೆಯಲ್ಲಿರುತ್ತಿತ್ತು. ಆ ಬದಲಾವಣೆಯನ್ನು ಕಣ್ಣಾರೆ ಕಂಡವಳು ನಾನು. ಮಗನ ಹೆಗಲ ಮೇಲೆ ಬಂದವರು ಎರಡು ತಿಂಗಳಲ್ಲಿ ಬಸ್ಸು ಹತ್ತಿ ಒಬ್ಬರೇ ಬರುತ್ತಿದ್ದರು.

ಅಜ್ಜಿಯರ ಬಗ್ಗೆ ಪ್ರತ್ಯೇಕ ಒಂದು ಮಾತು ಹೇಳಬೇಕು. ಎಲ್ಲ ಸಮೀಕ್ಷೆಗಳಲ್ಲೂ ಗಂಡಸರಲ್ಲೇ ಕ್ಷಯ ಹೆಚ್ಚು, ಅದು ನಿಜ. ಆದರೆ ಅಜ್ಜಿಯರ ಕಫ ತೆಗೆಸುವುದು ಎಷ್ಟು ಕಷ್ಟ ಎಂದು ಲ್ಯಾಬಿನಲ್ಲಿ ನಿಂತವರಿಗೇ ಗೊತ್ತು. ಹತ್ತು ಜನರ ಎದುರು ಕ್ಯಾಕರಿಸಲು ನಾಚಿಕೆ. ಡಬ್ಬಿಯಲ್ಲಿ ಬರೀ ಎಂಜಲು ತಂದುಕೊಟ್ಟು, "ಇಷ್ಟೇ ಕಣಮ್ಮಣ್ಣಿ ಬರೋದು" ಎನ್ನುವರು. ಎಂಜಲು ನೋಡಿ ನೆಗೆಟಿವ್ ಬರೆದರೆ ಆ ಅಜ್ಜಿ ಮತ್ತೆ ಗೂರಲಿನ ಲೆಕ್ಕಕ್ಕೆ ಸೇರಿದಳು. ಅವರನ್ನು ಹಿತ್ತಲ ಕಡೆ ಕರೆದುಕೊಂಡು ಹೋಗಿ, ಬಾಯಿ ಮುಕ್ಕಳಿಸಿ, ಉಸಿರು ತುಂಬ ಎಳೆದುಕೊಂಡು ಕೆಮ್ಮುವುದನ್ನು ನಾನೇ ಮಾಡಿ ತೋರಿಸಿ, ನಾಳೆ ಬೆಳಗ್ಗೆ ಎದ್ದ ಕೂಡಲೇ ತೆಗೆದದ್ದನ್ನು ತಾ ಅಜ್ಜಿ ಎಂದು ಎರಡನೇ ಡಬ್ಬಿ ಕೊಡಬೇಕು. ಎರಡನೇ ಡಬ್ಬಿಯಲ್ಲಿ ಕಾಯಿಲೆ ಸಿಕ್ಕಿದ್ದು ಎಷ್ಟೋ ಸಲ.

ಸಾವಿನ ಲೆಕ್ಕದ ಕಡೆಯೂ ಕೆಲಸ ಮುಂದುವರಿಯಿತು. 2001ರ ನಂತರ ರಿಜಿಸ್ಟ್ರಾರ್ ಜನರಲ್ ಕಚೇರಿ ಮತ್ತು ಟೊರಾಂಟೊದ ಪ್ರಭಾತ್ ಝಾ ಅವರ ತಂಡ ಸೇರಿ ದೇಶದ ಸುಮಾರು 11 ಲಕ್ಷ ಮನೆಗಳಲ್ಲಿ ಆದ ಸಾವುಗಳನ್ನು ವಿಚಾರಿಸಿದವು. ಮನೆಯವರು ತಮ್ಮ ಮಾತಿನಲ್ಲೇ ಹೇಳಿದ ಕಥೆಯನ್ನು ಬರೆದುಕೊಂಡು, ಇಬ್ಬರು ವೈದ್ಯರು ಬೇರೆ ಬೇರೆಯಾಗಿ ಓದಿ ಕಾರಣ ಬರೆಯುವುದು ಅದರ ಕ್ರಮ. ನಡುವಯಸ್ಸಿನವರ ಸಾವಿನಲ್ಲಿ ಹೃದಯ, ಶ್ವಾಸಕೋಶ, ಕ್ಷಯ, ಅವುಗಳ ಹಿಂದೆ ಬೀಡಿ, ಇವೆಲ್ಲ ಸ್ಪಷ್ಟವಾಗಿ ಕಂಡವು. ಬೀಡಿಗೂ ಕ್ಷಯಕ್ಕೂ ಇರುವ ನಂಟು ಇಷ್ಟು ಬಲವಾದದ್ದು ಎಂದು ನಮಗೆ ತರಬೇತಿಯಲ್ಲಿ ಯಾರೂ ಹೇಳಿರಲಿಲ್ಲ. ಎಪ್ಪತ್ತು ದಾಟಿದವರ ಕಥೆ ಮಾತ್ರ ಆ ವೈದ್ಯರಿಗೂ ಕಷ್ಟವಾಯಿತು. ಒಬ್ಬರಲ್ಲೇ ನಾಲ್ಕು ಕಾಯಿಲೆ, ಹೇಳುವವರಿಗೆ ಯಾವುದೂ ಸರಿಯಾಗಿ ನೆನಪಿಲ್ಲ. ಬದುಕಿದ್ದಾಗ ಪರೀಕ್ಷೆ ಮಾಡದವರ ಸಾವಿಗೆ ಕಾರಣ ಹುಡುಕುವುದು ಎಲ್ಲಿಂದ?

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆ ನಮ್ಮ ತುಮಕೂರಿನ ಪಾಠಕ್ಕೆ ಒಂದು ಸವಾಲು ಹಾಕಿದೆ. ಹದಿನೈದು ದಾಟಿದವರಲ್ಲಿ ಲಕ್ಷಕ್ಕೆ 316 ಮಂದಿಗೆ ಕ್ಷಯವಿತ್ತು, ವಯಸ್ಸಾದವರಲ್ಲಿ ಇನ್ನೂ ಹೆಚ್ಚು. ಪತ್ತೆಯಾದ ರೋಗಿಗಳಲ್ಲಿ ಹತ್ತರಲ್ಲಿ ನಾಲ್ವರಿಗಿಂತ ಹೆಚ್ಚು ಮಂದಿ ಎಕ್ಸ್‌ರೇ ಇಲ್ಲದಿದ್ದರೆ ತಪ್ಪಿಹೋಗುತ್ತಿದ್ದರು. ಲಕ್ಷಣವಿದ್ದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಎಲ್ಲೂ ತೋರಿಸಿಕೊಂಡಿರಲಿಲ್ಲ. 1963ರ ಮಾತು ಸುಳ್ಳಾಯಿತೇ ಎಂದು ಕಿರಿಯ ಸಹೋದ್ಯೋಗಿಗಳು ಕೇಳುತ್ತಾರೆ. ಸುಳ್ಳಾಗಿಲ್ಲ ಎಂಬುದು ನನ್ನ ತೀರ್ಮಾನ. ಬಾಗಿಲಿಗೆ ಬಂದವರ ಕಫ ನೋಡು ಎನ್ನುವುದು ಅಂದಿನ ಮಾತು. ಅದನ್ನು ಪೂರ್ತಿ ಮಾಡಿ ಮುಗಿಸಿದ ಮೇಲೂ ಉಳಿಯುವವರು ಇದ್ದಾರೆ ಎನ್ನುವುದು ಇಂದಿನ ಮಾತು. ತಲೆಮಾರುಗಟ್ಟಲೆ ಸೀಸೆ ಹಿಡಿದು ವಾಪಸಾದವರ ಮಕ್ಕಳು ಆಸ್ಪತ್ರೆಗೆ ಬರದಿದ್ದರೆ ಅದನ್ನು ತಿಳಿವಳಿಕೆಯ ಕೊರತೆ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

2024ರ ಡಿಸೆಂಬರಿನಲ್ಲಿ ಆರಂಭವಾದ ನೂರು ದಿನಗಳ ಕ್ಷಯ ಅಭಿಯಾನದಲ್ಲಿ ಅರವತ್ತು ದಾಟಿದವರನ್ನು ಲಕ್ಷಣ ಇರಲಿ ಬಿಡಲಿ ತಪಾಸಣೆ ಮಾಡಬೇಕಾದವರ ಪಟ್ಟಿಗೆ ಸೇರಿಸಿದರು. ಜೊತೆಗೆ ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು, ಹಿಂದೆ ಕ್ಷಯ ಬಂದವರು. ಗಾಡಿ ಹೋಗಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಮೆಷಿನ್ನು ಬಂದಿದೆ, ಜನರೇಟರ್ ಬೇಡ, ಅಂಗನವಾಡಿಯ ಪಡಸಾಲೆ ಸಾಕು. ಮುದುಕರನ್ನು ಹೆಸರಿಟ್ಟು ಪಟ್ಟಿಗೆ ಸೇರಿಸಿದ್ದಕ್ಕೆ ನನಗೆ ಆದ ಸಂತೋಷ ಹೇಳತೀರದು. ನನ್ನ ಆತಂಕವಿರುವುದು ಎಕ್ಸ್‌ರೇಯ ಮರುದಿನದ ಮೇಲೆ. ನೆರಳು ಕಂಡ ಮೇಲೆ ಕಫ ಬೇಕು, ಮುದುಕರಿಗೆ ಕಫ ಸುಲಭಕ್ಕೆ ಬರುವುದಿಲ್ಲ, ಅದನ್ನು ಮಾಲಿಕ್ಯುಲರ್ ಪರೀಕ್ಷೆಯ ಮೆಷಿನ್ ಇರುವ ಊರಿಗೆ ಮುಟ್ಟಿಸಬೇಕು. ಎಷ್ಟೋ ಕಡೆ ಅದು ಆಶಾ ಕಾರ್ಯಕರ್ತೆಯ ಚೀಲದಲ್ಲಿ ಬಸ್ಸಿನಲ್ಲಿ ಹೋಗುತ್ತದೆ. ಬಸ್ಸಿನ ಖರ್ಚು ತಡವಾಗಿ ಬಂದರೆ ಡಬ್ಬಿಯೂ ತಡವಾಗಿ ಹೋಗುತ್ತದೆ. ಎಷ್ಟು ಜನರಿಗೆ ಎಕ್ಸ್‌ರೇ ತೆಗೆದೆವು ಎಂಬ ಅಂಕಿ ಪ್ರತಿ ಸಂಜೆ ಮೇಲೆ ಹೋಗುತ್ತದೆ. ನೆರಳು ಕಂಡ ಅಜ್ಜ ಅಜ್ಜಿಯರಲ್ಲಿ ಎಷ್ಟು ಮಂದಿಯ ಎರಡನೇ ಡಬ್ಬಿ ಲ್ಯಾಬಿಗೆ ಮುಟ್ಟಿತು ಎಂಬ ಅಂಕಿಯನ್ನೂ ಅದರ ಪಕ್ಕದಲ್ಲೇ ಕೇಳಬೇಕೆಂದು, ಕರೆದ ಪ್ರತಿ ತರಬೇತಿಯಲ್ಲೂ ನಾನು ಹೇಳುತ್ತಿದ್ದೇನೆ.